ಕಾಕನ ಸ್ಕ್ರೆಪ್ಪ

ಕಾಕ ತೀರಿಕೊಂಡ ಸುದ್ದಿ ಬಂದಾಗ ನಾನು ಸೌದಿಯ ಖೋಬರಿನ ಮೀನುಮಾರುಕಟ್ಟೆಯಲ್ಲಿ ಸಿಗಡಿ ತೂಗಿಸುತ್ತಿದ್ದೆ. ಫೋನು ಜೇಬಿನೊಳಗೆ ನಡುಗಿತು. ಕೈಯೆಲ್ಲ ಮೀನಿನ ನೀರು. ಆಮೇಲೆ ನೋಡಿದರಾಯಿತು ಎಂದು ಬಿಟ್ಟೆ. ಅಂಗಡಿಯ ಬಂಗಾಳಿ, "ಸಾಫ್ ಕರ್ ದೂಂ, ಭಾಯ್?" ಎಂದು ಚೂರಿ ಎತ್ತಿದ. ಬೇಡ ಎಂದೆ. ಸಿಗಡಿಯನ್ನು ತಲೆ ಸಮೇತ ಮನೆಗೆ ತರಬೇಕು, ತಲೆ ತೆಗೆಸಿದರೆ ಅರ್ಧ ರುಚಿ ಮಾರುಕಟ್ಟೆಯಲ್ಲೇ ಉಳಿಯುತ್ತದೆ ಎಂದು ನನಗೆ ಕಲಿಸಿದವರೇ ಕಾಕ. ಕಾರಿಗೆ ಬಂದು ಕೈ ಒರೆಸಿಕೊಂಡು ನೋಡಿದರೆ ಅವರ ಮಗಳ ಸಂದೇಶ. "ಬಾಪ ಇವತ್ತು ಬೆಳಿಗ್ಗೆ ಹೋದರು. ನಿಮಗೆ ಕೂಡಲೇ ತಿಳಿಸಬೇಕು ಅಂತ ಮೊದಲೇ ಹೇಳಿಟ್ಟಿದ್ದರು."

ಹೋದರು. ಆ ಶಬ್ದವನ್ನು ವರ್ಷಗಟ್ಟಲೆ ಹೊಸ್ತಿಲಿನ ಆಚೆಗೇ ನಿಲ್ಲಿಸಿಟ್ಟಿದ್ದ ಮನುಷ್ಯ ಅವರು. ಕೊನೆಗೆ ಅದು ಅವರ ಮಗಳ ಬೆರಳ ತುದಿಯಿಂದಲೇ ಒಳಗೆ ಬಂತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಹೆಸರು ಹಿಡಿದು ಕರೆಯುತ್ತಿದ್ದವರು ವಿಮಾನ ನಿಲ್ದಾಣದ ಅಧಿಕಾರಿಗಳು ಮಾತ್ರ. ಮಿಕ್ಕವರಿಗೆಲ್ಲ ಕಾಕ. ಉಡುಪಿ ಕಡೆಯ ಕಡಲತಡಿಯ ಬ್ಯಾರಿ ಮನೆತನ. ಅವರ ತಂದೆ, ತಾತ ಎಲ್ಲ ಮಂಜಿಯಲ್ಲಿ ಹೆಂಚು, ಕಾಳುಮೆಣಸು ತುಂಬಿಕೊಂಡು ಸಮುದ್ರ ಸುತ್ತಿದವರು. ನಾನು ಕುಂದಾಪುರ ಕಡೆಯವನು. ದಹ್ರಾನಿನ ತೈಲ ಸ್ಥಾವರಗಳಿಗೆ ಜನ ಒದಗಿಸುವ ಒಂದು ಗುತ್ತಿಗೆ ಸಂಸ್ಥೆಯಲ್ಲಿ ನಮ್ಮಿಬ್ಬರದೂ ಕೆಲಸ. ವೀಸಾ, ಇಕಾಮಾ ಎಂಬ ವಾಸದ ಪರವಾನಗಿ, ರಜೆ ಇವೆಲ್ಲ ನನ್ನ ಪಾಲಿನ ಕಾಗದದ ಕೆಲಸ. ಅವರದು ಜೀವದ ಕೆಲಸ. ಹೊಸದಾಗಿ ಬಂದಿಳಿದವರನ್ನು ಕೂರಿಸಿಕೊಂಡು, ಅನಿಲ ಸೋರಿದರೆ ಸಾಯದೆ ಉಳಿಯುವುದು ಹೇಗೆ ಎಂದು ಪಾಠ ಹೇಳುವುದು.

ಆಳು ಕುಳ್ಳಗೆ. ಎದೆಯ ಜೇಬಿನಲ್ಲಿ ಯಾವಾಗಲೂ ಒಂದು ಸೀಟಿ. ನಗುವಾಗ ಸದ್ದಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಮೂಗೆತ್ತಿ ಗಾಳಿ ಮೂಸುವ ಅಭ್ಯಾಸ. ಮದುವೆಯ ಹಾಲ್‌ಗೆ ಬಂದರೂ ಅಷ್ಟೆ. ಗೊತ್ತಿಲ್ಲದವರು, ಬಿರಿಯಾನಿ ಎಲ್ಲಿ ಬಡಿಸುತ್ತಾರೆಂದು ಹುಡುಕುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಪಾಠದಲ್ಲಿ ಅವರು ಸಾವಿರ ಸಲ ಹೇಳಿದ ಮಾತು ಇದು: "ಕೊಳೆತ ಮೊಟ್ಟೆಯ ವಾಸನೆ ಬಂತಾ? ಪ್ರಶ್ನೆ ಕೇಳ್ಬೇಡ. ಉಸಿರು ಹಿಡಿ. ಗಾಳಿ ಎಲ್ಲಿಂದ ಬರ್ತದೆ ನೋಡು, ಆ ಕಡೆಗೇ ಓಡು. ಪಕ್ಕದವನನ್ನೂ ಎಳ್ಕೊಂಡು ಓಡು."

ಈ ಮಾತೇ ಅವರನ್ನು ಒಂದು ಸಲ ಪೇಚಿಗೆ ಸಿಕ್ಕಿಸಿತ್ತು. ಆ ಕತೆಯಿಂದಲೇ ನಮಗೆಲ್ಲ ಐಸ್‌ಲ್ಯಾಂಡಿನ ಒಂದು ಕ್ರಿಯಾಪದ ಗಂಟುಬಿದ್ದದ್ದು.

ಅವರಿನ್ನೂ ತರುಣರಿದ್ದಾಗ, ನೆಲದೊಳಗಿನ ಉಗಿಯನ್ನು ಮೇಲೆತ್ತುವ ಬಾವಿಗಳಲ್ಲಿ ಕಾವಲು ಹೇಗೆ ಎಂದು ಕಲಿತು ಬರಲು ಸಂಸ್ಥೆಯವರು ಅವರನ್ನು ಒಂದು ಚಳಿಗಾಲ ಐಸ್‌ಲ್ಯಾಂಡಿಗೆ ಕಳಿಸಿದ್ದರಂತೆ. ತಗಡಿನ ಕೆಂಪು ಮಾಡಿನ ಒಂದು ಮನೆಯಲ್ಲಿ ಬಾಡಿಗೆಗೆ ಕೋಣೆ. ಮನೆಯೊಡತಿ ಒಬ್ಬ ಮುದುಕಿ, ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತಳಾದವಳು. ಮೊದಲ ಬೆಳಿಗ್ಗೆ ಕಾಕ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಜೂ ಮಾಡಿಕೊಳ್ಳಲು ಬಿಸಿನೀರಿನ ನಲ್ಲಿ ತಿರುಗಿಸಿದ್ದಾರೆ. ಗಪ್ಪನೆ ಕೊಳೆತ ಮೊಟ್ಟೆಯ ವಾಸನೆ! ದಹ್ರಾನಿನ ಮೂಗು, ಸುಮ್ಮನಿರುತ್ತದೆಯೇ? ಉಸಿರು ಹಿಡಿದರು. ಅಡುಗೆಮನೆಯಲ್ಲಿ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ಮುದುಕಿಯ ರಟ್ಟೆ ಹಿಡಿದರು. ಬಾಗಿಲು ಒದ್ದು, ಗಾಳಿ ಬೀಸಿ ಬರುತ್ತಿದ್ದ ಕಡೆಗೆ ಎಳೆದುಕೊಂಡು ಓಡಿಯೇ ಓಡಿದರು. ಮೊಣಕಾಲುದ್ದ ಹಿಮ. ಇವರು ಬನಿಯನ್ನಿನಲ್ಲಿ, ಆಕೆ ಮನೆಯ ಚಪ್ಪಲಿಯಲ್ಲಿ, ಕೈಯಲ್ಲಿ ಬೆಣ್ಣೆಯ ಚೂರಿ.

"ಆಮೇಲೆ?" ಎಂದು ನಾವು ಪ್ರತಿ ಸಲವೂ ಕೇಳುತ್ತಿದ್ದೆವು, ಗೊತ್ತಿದ್ದರೂ.

"ಆಮೇಲೆಂತ ಮಾರಾಯ. ಆ ಊರಿನ ಬಿಸಿನೀರು ಭೂಮಿಯ ಹೊಟ್ಟೆಯಿಂದ ಬರುದು. ಅದರ ವಾಸನೆಯೇ ಹಾಗೆ. ಇಡೀ ಊರು ಅದರಲ್ಲೇ ಸ್ನಾನ ಮಾಡ್ತದೆ. ನಾನೊಬ್ಬ ಓಡಿದ್ದು."

ಬೇಲಿಯಾಚೆಯಿಂದ ನೆರೆಮನೆಯಾತ ಬಗ್ಗಿ ನೋಡಿದನಂತೆ. ಏನಾಯಿತು ಎಂದು ಕೇಳಿದನಂತೆ. ಚಳಿಗೆ ತುಟಿ ನೀಲಿಯಾಗಿದ್ದ ಆ ಮುದುಕಿ ಮರ್ಯಾದೆಯಿಂದ ಕೂದಲು ಸರಿಮಾಡಿಕೊಂಡು, "ವಿಥ್ ಸ್ಕ್ರುಪ್ಪುಮ್ ಬಾರಾ ಊತ್" ಎಂದಳಂತೆ. ಏನಿಲ್ಲ, ಹಾಗೇ ಒಂದು ಗಳಿಗೆ ಹೊರಗೆ ಬಂದೆವು, ಈಗ ಒಳಗೆ ಹೋಗುತ್ತೇವೆ ಎಂದು ಅದರ ಅರ್ಥ. ಬಾಡಿಗೆಗೆ ಬಂದ ಪರದೇಶಿಯ ಮಾನವನ್ನು ಆಕೆ ಒಂದು ಕ್ರಿಯಾಪದದಲ್ಲಿ ಮುಚ್ಚಿಟ್ಟಳು. "ಆವತ್ತಿಂದ ನಾನು ಆ ಶಬ್ದದ ಋಣದಲ್ಲಿದ್ದೇನೆ" ಎನ್ನುತ್ತಿದ್ದರು ಕಾಕ.

ಸ್ಕ್ರೆಪ್ಪ. ಮುದುಕಿ ಹೇಳಿದ ಆ ಕ್ರಿಯಾಪದದ ಮೂಲರೂಪ ಇದು. ಅದನ್ನು ನಾವು ಹೀಗೆ ಒರಟಾಗಿ ಹೇಳಿದರೆ ಅವರಿಗೆ ಸಮಾಧಾನವಿಲ್ಲ. "ಪ ಬರುವ ಮೊದಲು ಸಣ್ಣದೊಂದು ಉಸಿರು ಜಾರ್ಬೇಕು. ಸ್ಕ್ರೆಹ್-ಪ. ಮೆಟ್ಟಿಲಲ್ಲಿ ಒಂದು ಹೆಜ್ಜೆ ತಪ್ಪಿದ ಹಾಗೆ." ನಮ್ಮ ಜಮಖಾನದ ಮೇಲೆ ಕೂತು, ಎಲೆಕ್ಟ್ರಿಷಿಯನ್ನು, ಲೆಕ್ಕಿಗರು, ನಾನು, ಎಲ್ಲರೂ ಶುಕ್ರವಾರ ಬೆಳಿಗ್ಗೆ ನೀರುದೋಸೆ ತಿನ್ನುತ್ತ ಉಸಿರು ಜಾರಿಸಲು ಕಲಿತೆವು. ಊರಿನಲ್ಲಿ ಯಾರಾದರೂ ನೋಡಿದ್ದರೆ ದೆವ್ವ ಬಿಡಿಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಅದರ ಅರ್ಥವನ್ನು ಅವರು ಬಿಡಿಸುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಬಲಗೈ ಬೆರಳುಗಳನ್ನು ಮುಷ್ಟಿಯಿಂದ ಬಿಡಿಸಿ ಮತ್ತೆ ಮಡಚುವುದು. ಐಸ್‌ಲ್ಯಾಂಡಿನಲ್ಲಿ ಹೋಗುವುದಕ್ಕೆ ದೊಡ್ಡ ಶಬ್ದ 'ಫಾರ'. ಅದು ಪ್ರಯಾಣದ ಶಬ್ದ, ಗಂಟುಮೂಟೆಯ ಶಬ್ದ. ಇಂಗ್ಲಿಷರು ಬೀಳ್ಕೊಡುವಾಗ ಹೇಳುವ ಫೇರ್‌ವೆಲ್‌ನ ಫೇರ್ ಕೂಡ ಅದರ ಒಡಹುಟ್ಟು. ಫಾರ ಎಂದು ಹೋದವರು ಬರುತ್ತಾರೋ ಇಲ್ಲವೋ ಆ ಶಬ್ದಕ್ಕೆ ಗೊತ್ತಿಲ್ಲ. ಸ್ಕ್ರೆಪ್ಪ ಹಾಗಲ್ಲ. ಅದರ ಹೊಟ್ಟೆಯಲ್ಲೇ ವಾಪಸು ಬರುವುದು ಇದೆ. ಅಂಗಡಿಗೆ ಹೋಗಿ ಬರುವುದು, ನೆರೆಮನೆಗೆ ಹಣಕಿ ಬರುವುದು. ಅಲ್ಲಿನ ಅಂಗಡಿಯವರು ಬಾಗಿಲಿಗೆ 'ಸ್ಕ್ರಪ್', ಅಂದರೆ ಇಲ್ಲೇ ಹೋಗಿದ್ದೇನೆ, ಎಂದು ಚೀಟಿ ತೂಗುಹಾಕಿ ಕಾಫಿಗೆ ಹೋಗುತ್ತಾರಂತೆ. ಗಿರಾಕಿಗಳು ನಂಬಿ ಹಿಮದಲ್ಲಿ ಕಾಯುತ್ತಾರಂತೆ.

"ಹಳೇ ಕಾಲದಲ್ಲಿ ಅದರ ಅರ್ಥ ಬೇರೆ ಇತ್ತು" ಎನ್ನುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು. "ಜಾರುದು. ಕೈಯಿಂದ ಮೀನು ಜಾರ್ತದಲ್ಲ, ಹಾಗೆ. ಇನ್ನೊಂದು ಅರ್ಥ ಈಗಲೂ ಉಂಟು, ಕುಗ್ಗುದು. ಒಣಗಿ ಮುದುಡುದು. ಅಜ್ಜಿ ದೊಡ್ಡ ನಿಘಂಟು ತೆಗೆದು ತೋರಿಸಿದ್ಳು. ಇಂಗ್ಲಿಷಿನವರು ಎಟ್ಟಿಗೆ, ಈ ಸಿಗಡಿಗೆ, ಶ್ರಿಂಪ್ ಅಂತಾರಲ್ಲ, ಅದೂ ಈ ಬಳಗದ್ದೇ ಇರ್ಬೇಕಂತೆ. ಬಾಣಲೆಗೆ ಹಾಕಿದ್ರೆ ಸುರುಟಿ ಇಷ್ಟಾಗುದು ನೋಡು. ಅದೇ ಸ್ಕ್ರೆಪ್ಪ."

"ಎಟ್ಟಿ ಅಲ್ಲ ಕಾಕ, ಚಟ್ಲಿ" ಎಂದು ನಾನು ಕುಂದಾಪುರದ ಪರವಾಗಿ ವಾದಿಸುತ್ತಿದ್ದೆ.

"ನೀನು ಎಂತ ಬೇಕಾದ್ರೂ ಹೇಳು. ಬಾಣಲೆಯಲ್ಲಿ ಎರಡೂ ಕುಗ್ತದೆ."

ನನಗೆ ಆ ಶಬ್ದ ಹಿಡಿಸಲು ಬೇರೆ ಕಾರಣವಿತ್ತು. ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ, ಅಜ್ಜಿಯ ಜಗಲಿಯಲ್ಲಿ. ಎಂಟು ಹೆಜ್ಜೆ ದೂರದ ಬಾವಿಕಟ್ಟೆಗೆ ಹೊರಟರೂ "ಹೋತೆ" ಎನ್ನುವಂತಿರಲಿಲ್ಲ. "ಹೋತೆ ಅಂಬುದಾ? ಬಾಯಿಗೆ ಬರಿ ಇಡ್ತೆ. ಬತ್ತೆ ಅನ್" ಎಂದು ಗದರುತ್ತಿದ್ದಳು. ಕಾಕನಿಗೆ ಇದನ್ನು ಹೇಳಿದಾಗ ಅವರ ಹೆಗಲು ಕುಣಿಯಿತು. "ನಿನ್ನ ಅಜ್ಜಿಯನ್ನೂ ಆ ಅಜ್ಜಿಯನ್ನೂ ಒಂದೇ ಜಗಲಿಯಲ್ಲಿ ಕೂರಿಸಬೇಕಿತ್ತು ಮಾರಾಯ. ಭಾಷೆ ಬೇಕಾಗ್ತಿರ್ಲಿಲ್ಲ, ಇಬ್ಬರೂ ಕೂತು ನಮ್ಗೆ ಬಯ್ತಿದ್ರು."

ನಮ್ಮ ಕಚೇರಿಯ ಬಾಗಿಲಲ್ಲಿ ಒಂದು ಫಲಕವಿತ್ತು. ಪ್ರತಿಯೊಬ್ಬರ ಹೆಸರಿನ ಮುಂದೆ ಸರಿಸುವ ಗುಂಡಿ. ಒಳಗಿದ್ದರೆ ಇನ್, ಹೊರಗಿದ್ದರೆ ಔಟ್. ಕಾಕ ತಮ್ಮ ಗುಂಡಿಯನ್ನು ಔಟ್‌ಗೆ ಸರಿಸಿದ್ದನ್ನು ನಾನು ನೋಡಿಲ್ಲ. ನಡುವೆ ಒಂದು ಬಿಳಿ ಅಂಟುಪಟ್ಟಿ ಹಚ್ಚಿ ಕನ್ನಡದಲ್ಲಿ 'ಸ್ಕ್ರೆಪ್ಪ' ಎಂದು ಬರೆದು, ಗುಂಡಿಯನ್ನು ಅಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ನಮ್ಮ ಸೌದಿ ಮ್ಯಾನೇಜರ್ ಅದನ್ನು ದಿಟ್ಟಿಸಿ, "ಇದೇನು, ಮಲಯಾಳಮ್ಮಾ?" ಎಂದು ಕೇಳಿದ. "ಲಿಪಿ ಕನ್ನಡ, ಮಾತು ಐಸ್‌ಲ್ಯಾಂಡ್, ಅರ್ಥ ಚಹಾಕ್ಕೆ ಹೋಗಿದ್ದೇನೆ ಅಂತ" ಎಂದರು ಕಾಕ. ಆತ ತಲೆ ಚಚ್ಚಿಕೊಂಡು, "ಯಲ್ಲಾ, ಬೇಗ ಕುಡಿದು ಬಾ" ಎಂದು ಒಳಗೆ ಹೋದ. ಆಮೇಲೆ ಆ ಅಂಟುಪಟ್ಟಿ ಎಲ್ಲರಿಗೂ ಬೇಕಾಯಿತು. ಫಿಲಿಪೈನ್ಸಿನ ಕಾರ್ಯದರ್ಶಿ ಫೋನಿನಲ್ಲಿ "ಸರ್ ಈಸ್ ಸ್ಕ್ರೆಪ್ಪ" ಎನ್ನುವಷ್ಟರ ಮಟ್ಟಿಗೆ.

ಕಾಕನ ಹೆಂಡತಿ ಮಾತ್ರ ಈ ಪಾಂಡಿತ್ಯಕ್ಕೆ ಸೊಪ್ಪು ಹಾಕಿದವರಲ್ಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಎತ್ತರದ, ಗಟ್ಟಿ ದನಿಯ ಹೆಂಗಸು. "ಇವರ ಸ್ಕ್ರೆಪ್ಪ ನಂಬ್ಬೇಡಿ ತಮ್ಮ. ಕೊತ್ತಂಬರಿ ಸೊಪ್ಪಿಗೆ ಅಂತ ಹೋದವರು ಸಂಜೆಯ ಅಸರ್ ನಮಾಜು ಮುಗಿಸಿ ಬರುದು. ಅಷ್ಟೊತ್ತಿಗೆ ನನ್ನ ಸಾರು ಸ್ಕ್ರೆಪ್ಪ ಆಗಿರ್ತದೆ" ಎಂದು ಸೌಟು ತೋರಿಸುತ್ತಿದ್ದರು. ಮೂರು ಅರ್ಥಗಳನ್ನೂ ಅವರು ಯಾವ ನಿಘಂಟೂ ಇಲ್ಲದೆ ಬಳಸಬಲ್ಲವರಾಗಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಂಜಿಯ ಕಾಲದಿಂದ ಬಂದದ್ದಂತೆ. ಯಾರೇ ದೂರಕ್ಕೆ ಹೊರಡಲಿ, ಬಾಗಿಲಲ್ಲಿ ಒಂದು ಲೋಟ ನೀರು ಕೊಡುತ್ತಾರೆ. ಅರ್ಧ ಕುಡಿದು ಅರ್ಧ ಬಿಡಬೇಕು. ಬಿಟ್ಟ ನೀರನ್ನು ಮನೆಯವರು ಚೆಲ್ಲುವಂತಿಲ್ಲ. ಹೋದವರು ಮುಟ್ಟಿದ ಸುದ್ದಿ ಬಂದ ಮೇಲೆ ಗಿಡದ ಬುಡಕ್ಕೆ ಹಾಕಬೇಕು. ಮಂಜಿ ಹೋದ ಕಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ನೀರು ಇರುತ್ತಿತ್ತಂತೆ, ಹೆಂಗಸರು ದಿನಾ ಮುಚ್ಚಳ ತೆಗೆದು ನೋಡಿ ಮುಚ್ಚುತ್ತಿದ್ದರಂತೆ. ಖೋಬರಿನ ಮೂರನೇ ಮಹಡಿಯಲ್ಲೂ ಇದು ನಡೆಯುತ್ತಿತ್ತು. ನಾನು ರಜೆಗೆ ಊರಿಗೆ ಹೊರಟಾಗಲೂ ಅಕ್ಕ ಲೋಟ ಹಿಡಿದು ನಿಲ್ಲುತ್ತಿದ್ದರು. ನಾನು ಮಂಗಳೂರಿನಲ್ಲಿ ಇಳಿದು ಫೋನು ಮಾಡಿದ ಮೇಲೆ ಉಳಿದ ನೀರು ಬಾಲ್ಕನಿಯಲ್ಲಿ ಪೇಂಟಿನ ಡಬ್ಬಿಯ ಪುದೀನಕ್ಕೆ ಬೀಳುತ್ತಿತ್ತು. "ನೀವೆಲ್ಲ ಓಡಾಡಿದ್ರೇ ನನ್ನ ಪುದೀನ ಚಿಗುರುದು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕನಿಗೆ ಎದೆ ಹಿಡಿದ ಹಾಗಾಯಿತು. ನೋವು ದೊಡ್ಡದಲ್ಲ, ಗ್ಯಾಸ್ ಇರಬೇಕು ಎಂದರಂತೆ. ಆದರೂ ತೋರಿಸಿ ಬರೋಣ ಎಂದು ಕಾಕ ಟ್ಯಾಕ್ಸಿ ಕರೆದರು. ಬುರ್ಖಾ ತೊಟ್ಟು ಹೊರಟವರು ತಾವೇ ಒಂದು ಲೋಟ ನೀರು ಬಗ್ಗಿಸಿಕೊಂಡು, ಅರ್ಧ ಕುಡಿದು, ಕಿಟಕಿಯ ಕಟ್ಟೆಯ ಮೇಲಿಟ್ಟು ಬಸಿ ಮುಚ್ಚಿದರು. "ಆಸ್ಪತ್ರೆಗೆಂತ ಅರ್ಧ ನೀರು?" ಎಂದು ಕಾಕ ಕೇಳಿದರಂತೆ. "ಸ್ಕ್ರೆಪ್ಪ ಅಂತ ನಿಮ್ಗೆ ಮಾತ್ರವಾ? ಇವತ್ತು ನಂದು" ಎಂದು ನಕ್ಕರಂತೆ ಅಕ್ಕ. ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಹೃದಯ ಒಪ್ಪಲಿಲ್ಲ. ಸೂರ್ಯ ಮುಳುಗಿ ಮಗ್ರಿಬ್ ಆಗುವ ಹೊತ್ತಿಗೆ ಕಾಕ ಒಬ್ಬರೇ ಇದ್ದರು.

ಇಲ್ಲಿ ತೀರಿಕೊಂಡವರನ್ನು ಇಲ್ಲಿಯೇ ಮಣ್ಣು ಮಾಡುವುದು ರೂಢಿ. ಊರಾಚೆ ದೊಡ್ಡ ಗೋಡೆಯೊಳಗೆ ಬಯಲು. ಗೋರಿಗಳ ಮೇಲೆ ಹೆಸರಿಲ್ಲ, ಕಟ್ಟೆಯಿಲ್ಲ. ತಲೆಯ ಕಡೆಗೊಂದು ಕಲ್ಲು. ಅರಸನಿಗೂ ಅಷ್ಟೆ, ಅಕ್ಕನಿಗೂ ಅಷ್ಟೆ. ನಾನು ಬೇರೆ ಮತದವನು, ಗೋಡೆಯ ಹೊರಗೆ ಕಾರಿನ ಬಳಿ ನಿಂತಿದ್ದೆ. ಮಣ್ಣು ಕೊಟ್ಟು ಹೊರಗೆ ಬಂದ ಕಾಕ ಗಾಳಿ ಮೂಸಿದರು, ಅಭ್ಯಾಸಬಲದಿಂದ. "ಯಾವ ಕಡೆ ಓಡುದು ಅಂತ ಗೊತ್ತಾಗ್ಲಿಲ್ಲ ಮಾರಾಯ. ನಾನು ಪಾಠ ಹೇಳುವವ" ಎಂದರು.

ಕಿಟಕಿಯ ಕಟ್ಟೆಯ ಮೇಲಿನ ಲೋಟ ಹಾಗೇ ಉಳಿಯಿತು. ಚೆಲ್ಲಲು ಮುಟ್ಟಿದ ಸುದ್ದಿ ಬರಬೇಕಲ್ಲ. ಊರಿನಿಂದ ಬಂದ ಮಗಳು ತೊಳೆದಿಡಲು ಹೋದಾಗ ಕಾಕ ಅವಳ ಕೈ ಹಿಡಿದರಂತೆ. ಬಸಿ ಮುಚ್ಚಿದ್ದರೂ ಏಸಿಯ ಒಣ ಗಾಳಿ ಬಿಡುತ್ತದೆಯೇ? ನೀರು ದಿನದಿನಕ್ಕೆ ಇಳಿಯಿತು. ನಾನು ಹೋದಾಗಲೆಲ್ಲ ಅದನ್ನು ನೋಡದಂತೆ ನೋಡುತ್ತಿದ್ದೆ. ಒಂದು ದಿನ ಲೋಟದ ಒಳಗೆ ಬಿಳಿಯ ಉಪ್ಪಿನ ಗೆರೆಗಳು ಮಾತ್ರ ಇದ್ದವು. ಕಾಕ ನನ್ನ ಕಣ್ಣನ್ನು ಗಮನಿಸಿದರು.

"ಕುಗ್ಗಿತು" ಎಂದರು. "ಆ ಇನ್ನೊಂದು ಅರ್ಥ."

ಆಗ ಅವರು ಹೇಳಿದ ಒಂದು ಮಾತನ್ನು ನಾನು ಮರೆತಿಲ್ಲ. ಐಸ್‌ಲ್ಯಾಂಡಿನ ಆ ಮುದುಕಿಯ ಗಂಡ ಮೀನುಗಾರ. ಬಿರುಗಾಳಿಯಲ್ಲಿ ದೋಣಿ ಸಮೇತ ಕಾಣೆಯಾದವನು. ಲೋಕದ ಎಲ್ಲರ ಬಗ್ಗೆಯೂ, ಬೆಕ್ಕಿನ ಬಗ್ಗೆಯೂ ಸ್ಕ್ರೆಪ್ಪ ಎನ್ನುತ್ತಿದ್ದ ಆಕೆ ಅವನ ಬಗ್ಗೆ ಮಾತ್ರ ಫಾರ ಎಂಬ ದೊಡ್ಡ ಶಬ್ದವನ್ನೇ ಹೇಳುತ್ತಿದ್ದಳಂತೆ. ಫೋರ್. ಹೋದ. "ಎಷ್ಟು ಗಟ್ಟಿ ಹೆಂಗಸು ನೋಡು. ಹೇಳುವಾಗ ಸೂಜಿ ಕೂಡ ನಿಲ್ಲಿಸ್ತಿರ್ಲಿಲ್ಲ, ಸ್ವೆಟರ್ ಹೆಣೀತಾ ಇರುದು. ನನ್ಗೆ ಆ ಶಬ್ದ ಬರುದಿಲ್ಲ. ನಾಲಿಗೆ ತುದಿಗೆ ತಂದು ನೋಡಿದೆ, ಬರುದಿಲ್ಲ."

ಕಣ್ಣಿಗೆ ಪೊರೆ ಬಂದು ಅವರು ಕಾರು ಓಡಿಸುವುದನ್ನು ನಿಲ್ಲಿಸಿದ್ದರು. ಹಾಗಾಗಿ ಪ್ರತಿ ಶುಕ್ರವಾರ ಅಸರ್ ಮುಗಿಸಿದ ಮೇಲೆ ನಾನೇ ಅವರನ್ನು ಆ ಗೋಡೆಯ ಬಳಿ ಬಿಡುತ್ತಿದ್ದೆ. ಅವರು ಒಳಗೆ ಹೋಗುತ್ತಿದ್ದರು. ನಾನು ಕಾರಿನಲ್ಲಿ ರೇಡಿಯೋ ಸಣ್ಣಗೆ ಹಚ್ಚಿ ಕಾಯುತ್ತಿದ್ದೆ. ಸಮುದ್ರತೀರದಿಂದ ತಂದ ಹವಳದ ಬಿಳಿ ಕಲ್ಲೊಂದನ್ನು ಅವರು ಅಕ್ಕನ ತಲೆಯ ಕಡೆಗೆ ಇಟ್ಟಿದ್ದರು, ಗುರುತಿಗೆ. ಕಾರು ಇಳಿಯುವಾಗ ನನಗೆ ಹೇಳುತ್ತಿದ್ದದ್ದು ಅದೇ ಶಬ್ದ, ಉಸಿರು ಜಾರಿಸಿ.

ಹೀಗೆ ವರ್ಷಗಳು ಕಳೆದು ನಿವೃತ್ತಿಯ ಪತ್ರ ಬಂತು. ಕೆಲಸ ಮುಗಿದರೆ ಇಕಾಮಾ ಮುಗಿಯಿತು, ಇಕಾಮಾ ಮುಗಿದರೆ ಈ ನೆಲದಲ್ಲಿ ನಿಲ್ಲುವಂತಿಲ್ಲ. ಇಲ್ಲಿಂದ ಹೊರಗೆ ಹೋಗಲು ಎರಡು ಬಗೆಯ ವೀಸಾ ಇದೆಯೆಂದು ಗಲ್ಫಿನ ಮಕ್ಕಳಿಗೂ ಗೊತ್ತು. ಹೋಗಿ ಬರುವವರಿಗೆ ಎಕ್ಸಿಟ್ ರೀಎಂಟ್ರಿ. ಬಾರದವರಿಗೆ ಫೈನಲ್ ಎಕ್ಸಿಟ್. ಕಂಪ್ಯೂಟರಿನಲ್ಲಿ ಎರಡೂ ಗುಂಡಿಗಳು ಅಕ್ಕಪಕ್ಕ. ಅದನ್ನು ಒತ್ತುವ ಕೆಲಸ ನನ್ನದು.

ಕಾಕ ನನ್ನ ಮೇಜಿನ ಎದುರು ಬಂದು ಕೂತರು. ಪಾಸ್‌ಪೋರ್ಟು ಮುಂದಿಟ್ಟರು.

"ರೀಎಂಟ್ರಿ ಹೊಡಿ."

"ಕಾಕ, ಇಕಾಮಾ ಮುಗೀತಾ ಬಂತು. ನಿವೃತ್ತಿಯಾದವರಿಗೆ ರೀಎಂಟ್ರಿ ಬರುದಿಲ್ಲ. ನಿಮ್ಗೆ ಗೊತ್ತಿಲ್ಲದ್ದಾ?"

"ನಾನು ಮಗಳನ್ನು ನೋಡಿ ಬರುದು ಮಾರಾಯ. ನಿನ್ನ ಅಕ್ಕ ಒಬ್ಳೇ ಅಲ್ವಾ ಇಲ್ಲಿ."

"ಸಿಸ್ಟಮ್ ಬಿಡುದಿಲ್ಲ ಕಾಕ."

"ಸಿಸ್ಟಮ್ಮಿಗೆ ನೀನು ಹೇಳು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾವಿರ ಜನರಿಗೆ ನಿಯಮ ಕಲಿಸಿದ ಮನುಷ್ಯ, ಹೆಲ್ಮೆಟ್ಟಿನ ಪಟ್ಟಿ ಸಡಿಲವಿದ್ದರೆ ಸೀಟಿ ಊದುತ್ತಿದ್ದವರು, ನನ್ನೆದುರು ಕೂತು ಮಗುವಿನ ಹಾಗೆ ಹಟ ಹಿಡಿದಿದ್ದರು. ನಾನು ಮ್ಯಾನೇಜರ್ ಬಳಿ ಹೋದೆ. ಆತ ನಿಜವಾಗಿ ಒಳ್ಳೆಯವನು. ಗಡ್ಡ ಸವರಿಕೊಂಡು ಯೋಚಿಸಿ, "ಪಾಠ ಹೇಳಲು ಇನ್ನೂ ಸ್ವಲ್ಪ ಕಾಲ ಬೇಕು ಎಂದು ಬರೆದು ಕೇಳಿನೋಡೋಣ. ಆದರೆ ಒಂದು ಸಲ. ಆಮೇಲೆ ಅವನೂ ಮನೆಗೆ ಹೋಗಬೇಕಲ್ಲ?" ಎಂದ. ಕೇಳಿದೆವು. ಅನುಮತಿ ಬಂತು. ಕಾಕನಿಗೆ ಹೇಳಿದಾಗ ಹೆಗಲು ಕುಣಿಯಿತು. ಬಹಳ ದಿನಗಳ ಮೇಲೆ.

ಆದರೆ ಆ ವಾರವೇ ಧೂಳುಗಾಳಿ ಎದ್ದಿತು. ಹಗಲಿಗೇ ದೀಪ ಹಾಕಬೇಕಾದಂಥದ್ದು. ಕಿಟಕಿಯ ಸಂದಿಯಿಂದ ನುಗ್ಗಿ ಹಾಸಿಗೆಯ ಮೇಲೂ ಮರಳು. ಶುಕ್ರವಾರದ ಹೊತ್ತಿಗೆ ಇಳಿದಿತ್ತು. ನಾನು ಎಂದಿನಂತೆ ಅವರನ್ನು ಗೋಡೆಯ ಬಳಿ ಬಿಟ್ಟೆ. ಎಂದಿಗಿಂತ ತಡವಾಯಿತು. ಬಿಸಿಲು ಹಳದಿಯಾಗುತ್ತ ಬಂದರೂ ಅವರು ಬರಲಿಲ್ಲ. ಇಳಿದು ಗೇಟಿನ ತನಕ ಹೋಗಿ ನೋಡಿದೆ. ಇಡೀ ಬಯಲಿಗೆ ಒಂದೇ ಬಣ್ಣ. ಸಣ್ಣ ಕಲ್ಲುಗಳು ಮುಚ್ಚಿಹೋಗಿದ್ದವು, ಉಳಿದವುಗಳ ಮೇಲೆ ಒಂದೇ ಸಮನೆ ಧೂಳು. ಅದರ ನಡುವೆ ಕಾಕ ಬಗ್ಗಿ ಬಗ್ಗಿ, ಒಂದು ಕಲ್ಲು ಒರೆಸಿ ನೋಡುವುದು, ಮುಂದಿನದಕ್ಕೆ ಹೋಗುವುದು. ಪೊರೆ ಬಂದ ಕಣ್ಣು. ಗೋರಿಗಳನ್ನು ಕಾಯುವವನೊಬ್ಬ ಹತ್ತಿರ ಬಂದು ಮೆಲ್ಲಗೆ ಅವರ ಬೆನ್ನ ಮೇಲೆ ಕೈಯಿಟ್ಟ, ಏನೋ ಹೇಳಿದ. ಕಾಕ ನೆಟ್ಟಗೆ ನಿಂತರು. ಕೈಗಳನ್ನು ಎತ್ತಿ ಇಡೀ ಬಯಲಿನ ಕಡೆಗೆ ಮುಖಮಾಡಿ ಏನೋ ಹೇಳಿಕೊಂಡರು.

ಕಾರಿಗೆ ಬಂದು ಕೂತು ಅಂಗೈಯ ಧೂಳು ಕೊಡವಿಕೊಂಡರು.

"ಸಿಗ್ಲಿಲ್ವಾ ಕಾಕ?"

"ಇಲ್ಲ."

"ನಾಳೆ ಬರುವ. ಇನ್ನೊಮ್ಮೆ ನೋಡುವ."

"ಬೇಡ." ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಕಾಯುವವ ಹೇಳಿದ, ಎಲ್ಲರಿಗೂ ಒಟ್ಟಿಗೆ ಸಲಾಂ ಹೇಳು, ಅವರಿಗೆ ಕೇಳ್ತದೆ ಅಂತ. ಹೇಳಿದೆ. ಆ ಸಲಾಮಿನಲ್ಲೇ ಒಂದು ಮಾತುಂಟು. ನೀವು ಮುಂದೆ ಹೋದವರು, ದೇವರು ಬಯಸಿದ್ರೆ ನಾವೂ ಬಂದು ನಿಮ್ಮನ್ನು ಸೇರುವವರು ಅಂತ. ಚಿಕ್ಕಂದಿನಿಂದ ಬಾಯಿಪಾಠ. ಪ್ರತಿ ಶುಕ್ರವಾರ ಹೇಳಿದ್ದೇನೆ. ಕಿವಿ ಕೊಟ್ಟದ್ದು ಇವತ್ತು."

ನಾನು ಕಾರು ಶುರು ಮಾಡಲಿಲ್ಲ.

"ಇಷ್ಟು ವರ್ಷ ನಾನು ಅವಳು ಬರ್ತಾಳೆ ಅಂತ ಕೂತದ್ದು ಮಾರಾಯ. ಲೋಟ ಇಟ್ಕೊಂಡು. ಬರ್ಬೇಕಾದ್ದು ಅವಳಲ್ಲ." ಕನ್ನಡಕ ಹಾಕಿಕೊಂಡು, "ಅವಳು ಹೋದ್ಳು" ಎಂದರು. ಕನ್ನಡದಲ್ಲಿ ಹೇಳಿದರು. ಮೊದಲ ಸಲ.

ಭಾನುವಾರ ಕಚೇರಿಗೆ ಬಂದು, ನಿಂತೇ ಹೇಳಿದರು. "ಆ ರೀಎಂಟ್ರಿ ಬೇಡ. ಫೈನಲ್ ಹೊಡಿ." ಮ್ಯಾನೇಜರ್ ಹೊರಗೆ ಬಂದು ಅವರನ್ನು ಅಪ್ಪಿಕೊಂಡ. ನಾನು ಗುಂಡಿ ಒತ್ತಿದೆ. ಎಷ್ಟೋ ಜನರಿಗೆ ಒತ್ತಿದ ಗುಂಡಿ ಅದು, ಆವತ್ತು ಮಾತ್ರ ಬೆರಳಿಗೆ ತಣ್ಣಗೆ ತಾಗಿತು.

ಮನೆ ಖಾಲಿ ಮಾಡಿ ಕೊನೆಯ ಊಟಕ್ಕೆ ನಮ್ಮಲ್ಲಿಗೆ ಬಂದರು. ಪುದೀನದ ಡಬ್ಬಿಯನ್ನು ತಂದು ನನ್ನ ಹೆಂಡತಿಗೆ ಕೊಟ್ಟರು. "ಆ ಲೋಟ?" ಎಂದು ನಾನು ಕೇಳಲಾರದೆ ಕೇಳಿದೆ. "ತೊಳೆದೆ. ಸುರಿಲಿಕ್ಕೆ ಎಂತದೂ ಉಳಿದಿರ್ಲಿಲ್ಲ. ಅವಳೇ ಕುಡಿದ್ಳೋ ಏನೋ" ಎಂದರು. ಊಟಕ್ಕೆ ಸಿಗಡಿ ಸುಕ್ಕ ಇತ್ತು. ನಾಲ್ಕು ತಿಂದು, ಐದನೆಯದನ್ನು ಬೆಳಕಿಗೆ ಹಿಡಿದು ನೋಡಿದರು. ಪಾಠ ಹೇಳಲಿಲ್ಲ.

ಟ್ಯಾಕ್ಸಿ ಬಂತು. ನನ್ನ ಹೆಂಡತಿ ಅಕ್ಕನಿಂದ ಕಲಿತ ಹಾಗೆ ಬಾಗಿಲಲ್ಲಿ ಲೋಟ ಹಿಡಿದು ನಿಂತಳು. ಕಾಕ ಅರ್ಧ ಕುಡಿದರು. ಬಾಯಿಂದ ತೆಗೆದು ಲೋಟವನ್ನು ನೋಡಿದರು. ಮತ್ತೆ ಎತ್ತಿ, ಉಳಿದದ್ದನ್ನೂ ನಿಧಾನವಾಗಿ ಕುಡಿದು ಮುಗಿಸಿ, ಖಾಲಿ ಲೋಟವನ್ನು ಅವಳ ಕೈಗಿತ್ತರು.

"ಕಾಕಾ, ಹೀಂಗ್ ಮಾಡುದಾ! ಬತ್ತೆ ಅಂತಾರೂ ಹೇಳಿ" ಎಂದಳು ಅವಳು, ಕಣ್ಣು ತುಂಬಿಕೊಂಡು.

"ಈ ವಯಸ್ಸಿನಲ್ಲಿ ಸುಳ್ಳು ಹೇಳಿಸ್ಬೇಡ ಮಗಾ" ಎಂದು ಅವಳ ತಲೆ ಮುಟ್ಟಿದರು.

ದಮ್ಮಾಮಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವರು ಎದೆಯ ಜೇಬಿನ ಸೀಟಿಯನ್ನು ತೆಗೆದು ನನ್ನ ಜೇಬಿಗೆ ಹಾಕಿದರು. ಆಮೇಲೆ ಒಂದು ಕೆಲಸ ಹೇಳಿದರು. "ನಾನು ಮುಟ್ಟಿದ ಸುದ್ದಿ ಬರ್ತದಲ್ಲ, ಆಗ ಆ ಗೋಡೆಯ ಹತ್ರ ಸ್ವಲ್ಪ ಹೋಗು. ಒಳಗೆ ಹೋಗ್ಬೇಕಂತ ಇಲ್ಲ. ಹೊರಗಿಂದಲೇ ಹೇಳು. ಮುಟ್ಟಿದ್ರಂತೆ ಅಂತ. ಅವಳಿಗೆ ಸುದ್ದಿ ಹೇಳುವವರು ಬೇರೆ ಯಾರಿದ್ದಾರೆ?"

ಮರುದಿನ ಮಗಳ ಸಂದೇಶ ಬಂತು, ನಾನು ಹೋದೆ. ಮಧ್ಯಾಹ್ನದ ಬಿಸಿಲು, ಗೋಡೆಗೆ ಕೈಯಿಟ್ಟರೆ ಕಾವಲಿ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ನಾಚಿಕೊಳ್ಳುತ್ತ, "ಅಕ್ಕಾ, ಕಾಕ ಊರು ಮುಟ್ಟಿದ್ರಂತೆ" ಎಂದು ಹೇಳಿ ಬಂದಿದ್ದೆ. ಒಂದು ಮಳೆಗಾಲ ಕಳೆಯಿತಷ್ಟೆ. ಕಣ್ಣಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು, ದೂರದ ದೋಣಿಯೂ ಕಾಣುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ಕಚೇರಿಯ ಫಲಕದಿಂದ ಅವರ ಹೆಸರು ತೆಗೆದರೂ ಅಂಟುಪಟ್ಟಿ ಹಾಗೇ ಇದೆ ಎಂದು ನಾನು ಹೇಳಿದಾಗ, ಆ ಕಡೆಯಿಂದ ಸದ್ದಿಲ್ಲ. ಹೆಗಲು ಕುಣಿಯುತ್ತಿದೆ ಎಂದು ತಿಳಿದುಕೊಂಡೆ.

ಇವತ್ತು ಮೀನುಮಾರುಕಟ್ಟೆಯ ಹೊರಗೆ, ಮಗಳ ಆ ಎರಡು ಸಾಲುಗಳನ್ನು ಓದಿದ ಮೇಲೆ, ನಾನು ಮನೆಯ ಕಡೆಗೆ ತಿರುಗಿಸಬೇಕಾದ ಕಾರನ್ನು ಊರಾಚೆಗೆ ತಿರುಗಿಸಿದೆ. ಕೂಡಲೇ ತಿಳಿಸಬೇಕು ಎಂದು ಕಾಕ ಹೇಳಿಟ್ಟದ್ದು ಯಾಕೆಂದು ಹೊಳೆಯಲು ಹೊತ್ತು ಬೇಕಾಗಲಿಲ್ಲ. ಹೆಂಡತಿ ಫೋನು ಮಾಡಿ, "ಎಲ್ಲಿದ್ರಿ? ಒಲೆ ಹಚ್ಚಿ ಕೂತಿದ್ದೆ" ಎಂದಳು. "ಸ್ಕ್ರೆಪ್ಪ" ಎಂದೆ. ಅವಳಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ.

ಗೋಡೆಯ ಪಕ್ಕ ನಿಲ್ಲಿಸಿದೆ. ಹಿಂದಿನ ಸೀಟಿನ ಚೀಲದಿಂದ ಸಿಗಡಿಯ ನೀರು ಸೋರುತ್ತಿತ್ತು. ಇಳಿದು ನಿಂತರೆ ಏನು ಹೇಳಬೇಕೆಂದೇ ತಿಳಿಯದು. ತೀರಿಕೊಂಡರು ಎನ್ನಲೇ? ಅದು ಊರಿನವರಿಗೆ ಹೇಳುವ ಸುದ್ದಿ. ಗೋಡೆಯ ಈಚೆಗೆ ಹೇಳುವ ಮಾತು, ಆಚೆಗೆ ಆಗದು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು. ನನಗೆ ತಿಳಿಯದಂತೆಯೇ ನಾನು ಮೂಗೆತ್ತಿ ಮೂಸಿದೆ. ಆಮೇಲೆ ಬಿಸಿ ಗೋಡೆಯ ಮೇಲೆ ಅಂಗೈಯಿಟ್ಟು, ಒಳಗಿರುವವರಿಗೆಲ್ಲ ಕೇಳಿದರೂ ಕೇಳಲಿ ಎಂದುಕೊಂಡು ಹೇಳಿದೆ:

"ಅಕ್ಕಾ, ಕಾಕ ಇವತ್ತು ಬೆಳಿಗ್ಗೆ ಹೊರಟಿದ್ದಾರೆ."